ಬೇರಜ್ಜನ ಪುಡಿಯಲ್ಲಿ ಸಿಕ್ಕ ಹರಳು

ಔಷಧ ಪರೀಕ್ಷಾಲಯದಲ್ಲಿ ಅವಳನ್ನು ಎಲ್ಲರೂ ಜರಡಿಯಕ್ಕ ಎಂದೇ ಕರೆಯುತ್ತಿದ್ದರು. ಎದುರಿಗೆ ಬಂದದ್ದನ್ನು ಸೋಸದೆ ಬಿಡುವವಳಲ್ಲ. ಹತ್ತೊಂಬತ್ತು ವರ್ಷಗಳಿಂದ ಅವಳದು ಒಂದೇ ಕೆಲಸ: ಗಿಡಮೂಲಿಕೆ ಔಷಧಿಯ ಚಿಟಿಕೆ ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಲೇಬಲ್ಲಿನ ಮೇಲಿರುವ ಗಿಡ ಡಬ್ಬಿಯೊಳಗೂ ಇದೆಯೇ ಎಂದು ನೋಡುವುದು. ಅರೆದು ನುಣ್ಣಗೆ ಮಾಡಿದರೂ ಗಿಡ ತನ್ನ ಗುರುತು ಬಿಟ್ಟುಕೊಡುವುದಿಲ್ಲ. ಬೇರಿಗೊಂದು ಬಗೆಯ ನಾರು, ತೊಗಟೆಗೊಂದು ಬಗೆಯ ಕೋಶ, ಎಲೆಗೆ ರೋಮ. ಅವಳಿಗೆ ಅವೆಲ್ಲ ನೆಂಟರ ಮುಖಗಳಿದ್ದ ಹಾಗೆ.

ಅವಳ ಅತ್ತೆಗೆ ಎರಡು ವರ್ಷದಿಂದ ಮಂಡಿನೋವು. ಮೆಟ್ಟಿಲಿಳಿಯಬೇಕೆಂದರೆ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ. ಅಂಥವರು ಒಂದು ಬೆಳಿಗ್ಗೆ ಒಗೆದ ಬಟ್ಟೆಯ ಬಕೆಟ್ಟನ್ನು ತಾವೇ ಎತ್ತಿಕೊಂಡು ಮಹಡಿ ಹತ್ತುತ್ತಿದ್ದರು.

"ಅತ್ತೆ, ಹುಷಾರು!"

"ನಿನ್ನ ಹುಷಾರು ನೀನೇ ಇಟ್ಕೋ. ಬೇರಜ್ಜನ ಪುಡಿ ಕಣೇ. ನಿನ್ನೆ ಎರಡು ಚಮಚ ತಗೊಂಡೆ, ಇವತ್ತು ಕಾಲಿಗೆ ಚಕ್ರ ಕಟ್ಟಿದ ಹಾಗಿದೆ."

ಬೇರಜ್ಜ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಲವತ್ತು ವರ್ಷದಿಂದ ಬೇರು ಕುಟ್ಟುತ್ತಿದ್ದ ಮುದುಕ. ಲೈಸೆನ್ಸೂ ಇತ್ತು, ಒಳ್ಳೆಯ ಹೆಸರೂ ಇತ್ತು. ಜರಡಿಯಕ್ಕನಿಗೆ ಸಂತೋಷವೇ ಆಯಿತು. ಆದರೆ ತಲೆಯೊಳಗೆ ಒಂದು ಹುಳ ಹೊಕ್ಕಿತು. ಬೇರು ಸಾವಕಾಶದ ಪ್ರಾಣಿ. ಒಂದೇ ದಿನಕ್ಕೆ ಇಷ್ಟು ಓಡುತ್ತದೆಯೇ?

ಮೂರು ತಿಂಗಳು ಕಳೆಯುವಷ್ಟರಲ್ಲಿ ಅತ್ತೆಯ ಕೆನ್ನೆ ಉಬ್ಬಿ ಮುಖ ದುಂಡಗಾಯಿತು. ಬಂದವರೆಲ್ಲ, "ಚೆನ್ನಾಗಿ ತುಂಬ್ಕೊಂಡಿದೀರಿ, ಸೊಸೆ ಕೈಗುಣ" ಎಂದು ಹೊಗಳಿದರು. ಸೊಸೆಗೆ ಮಾತ್ರ ಹೊಗಳಿಕೆ ಗಂಟಲಲ್ಲಿ ಇಳಿಯಲಿಲ್ಲ. ಮುಖ ತುಂಬಿತ್ತು, ಕೈಕಾಲು ಇದ್ದ ಹಾಗೇ ಇದ್ದವು. ಮುಂಗೈ ಎಲ್ಲಿ ತಗುಲಿದರೂ ನೀಲಿಗಟ್ಟುತ್ತಿತ್ತು.

ಕೊನೆಗೊಂದು ದಿನ ಒಂದು ಚಮಚ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋದಳು. ಪರೀಕ್ಷಾಲಯದ ಮುಖ್ಯಸ್ಥರು ಪೊಟ್ಟಣವನ್ನು ನೋಡಿ ಕನ್ನಡಕ ತೆಗೆದರು.

"ಇದು ಸ್ಯಾಂಪಲ್ ಅಲ್ಲಮ್ಮ, ನಿಮ್ಮನೆ ಪುಡಿ. ಇನ್ಸ್‌ಪೆಕ್ಟರ್ ಅಂಗಡೀಲಿ ಕೊಂಡು, ಮಾರೋನ ಎದುರಿಗೇ ಸೀಲ್ ಹಾಕಿದರೆ ಮಾತ್ರ ಸ್ಯಾಂಪಲ್. ರಿಪೋರ್ಟ್ ಬರೆಯೋ ಹಾಗಿಲ್ಲ."

"ಬರೆಯಲ್ಲ ಸಾರ್. ನೋಡ್ತೀನಿ ಅಷ್ಟೇ."

"ನೋಡದೆ ನೀವು ಬಿಡೋರೂ ಅಲ್ಲ ಬಿಡಿ."

ಮೊದಲು ಕಂಡದ್ದು ಹಳೆಯ ಪರಿಚಯದ ನಾರುಗಳು. ಬೇರಜ್ಜ ಹೇಳಿದ ಬೇರೆಲ್ಲ ಅಲ್ಲಿತ್ತು, ಮೋಸವಿರಲಿಲ್ಲ. ಗಾಜನ್ನು ಒಂದು ಕೂದಲೆಳೆಯಷ್ಟು ಸರಿಸಿದಳು. ಕಂದು ನಾರುಗಳ ನಡುವೆ ಒಂದು ಬಿಳಿ ಹರಳು, ಅಂಚು ಕತ್ತರಿಸಿಟ್ಟ ಹಾಗೆ ನೇರ. ಪಕ್ಕದಲ್ಲಿ ಇನ್ನೊಂದು. ಇಂಥದ್ದು ಆ ಬೇರುಗಳಲ್ಲಿ ಯಾವುದರ ಹೊಟ್ಟೆಯಲ್ಲೂ ಹುಟ್ಟಿದ್ದನ್ನು ಅವಳು ಕಂಡಿರಲಿಲ್ಲ.

ಊಟ ಮರೆತು ಕೂತಳು. ಪುಡಿಯ ಸಾರವನ್ನು ಗಾಜಿನ ಫಲಕದ ಬುಡದಲ್ಲಿ ಒಂದು ಚುಕ್ಕೆ ಇಟ್ಟು, ಪಕ್ಕದಲ್ಲಿ, ನೋವನ್ನು ಬೇಗ ಅಡಗಿಸಿ ಮುಖ ಉಬ್ಬಿಸುವ ಸ್ಟೀರಾಯ್ಡ್ ಮಾತ್ರೆಯ ಚುಕ್ಕೆ ಇಟ್ಟು, ಎರಡನ್ನೂ ದ್ರಾವಣದಲ್ಲಿ ಮೇಲೇರಲು ಬಿಟ್ಟಳು. ನೇರಳಾತೀತ ದೀಪದ ಕೆಳಗೆ ಹಿಡಿದಾಗ ಎರಡು ಕಪ್ಪು ಚುಕ್ಕೆಗಳು ಒಂದೇ ಎತ್ತರದಲ್ಲಿ, ಅವಳಿಜವಳಿಗಳ ಹಾಗೆ ನಿಂತಿದ್ದವು. ಎರಡೂ ಒಂದೇ ವಸ್ತು.

ಮನೆಗೆ ಓಡಿ ಡಬ್ಬಿಯನ್ನು ಕಸಕ್ಕೆ ಎಸೆಯಬೇಕೆಂದು ಎದ್ದವಳು ಬಾಗಿಲಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿದಳು. ಅದು ಒಳ್ಳೆಯದೇ ಆಯಿತು.

"ಇದ್ದಕ್ಕಿದ್ದ ಹಾಗೆ ನಿಲ್ಲಿಸಬೇಡಿ," ಎಂದರು ಅವರು. "ಇಷ್ಟು ದಿನದಲ್ಲಿ ಮೈ ಅಂಥದ್ದನ್ನ ತಾನೇ ತಯಾರಿಸೋ ಕೆಲಸ ಮರೆತಿರುತ್ತೆ. ಹಠಾತ್ತನೆ ಬಿಟ್ಟರೆ ಬಿದ್ದೇಬಿಡ್ತಾರೆ. ಈಗಲೇ ಕರ್ಕೊಂಡು ಬನ್ನಿ, ಅಳತೆ ಮಾಡಿ ಮಾತ್ರೆ ಕೊಟ್ಟು ಸ್ವಲ್ಪಸ್ವಲ್ಪವೇ ಇಳಿಸೋಣ."

ಅತ್ತೆ ಆಟೋದಲ್ಲಿ ದಾರಿಯುದ್ದಕ್ಕೂ ಮುಖ ತಿರುಗಿಸಿಕೊಂಡಿದ್ದರು. "ನಾನು ನಡೆದಾಡಿದ್ದು ನಿನ್ನ ಕಣ್ಣು ಕುಕ್ಕಿತು" ಎಂದರು. ಅವರು ನಡೆದಾಡಿದ್ದಂತೂ ನಿಜವಾಗಿತ್ತು.

ಮುಖ್ಯಸ್ಥರು ಹೇಳಿಕಳಿಸಿದ್ದರಿಂದ ಆ ವಾರವೇ ಇನ್ಸ್‌ಪೆಕ್ಟರ್ ಹೋಗಿ ಅದೇ ಪುಡಿಯನ್ನು ನಿಯಮದ ಪ್ರಕಾರ ಕೊಂಡು ಸೀಲ್ ಹಾಕಿಸಿದರು. ಮನೆಯವರ ವಿಷಯವೆಂದು ಪರೀಕ್ಷೆಯನ್ನು ಬೇರೊಬ್ಬರಿಗೆ ಒಪ್ಪಿಸಲಾಯಿತು. ಫಲಿತಾಂಶ ಅದೇ ಬಂತು. ಹತ್ತು ದಿನದ ಮೇಲೆ ಬೇರಜ್ಜ ತಾನಾಗಿ ಪರೀಕ್ಷಾಲಯಕ್ಕೆ ಬಂದ. ಕೈಯಲ್ಲೊಂದು ಬಿಳಿ ಪ್ಲಾಸ್ಟಿಕ್ ಜಾಡಿ.

"ಒಂದು ವರ್ಷದಿಂದ ಇದನ್ನ ಬೆರೆಸ್ತಾ ಇದೀನಿ ತಾಯಿ. ಬೇರಿನ ಸತ್ವ, ನೂರು ಕಿಲೋದಿಂದ ಒಂದು ಕಿಲೋ ತೆಗೆದಿದ್ದು ಅಂತ ಹೇಳಿ ಕೊಟ್ಟ ಸಪ್ಲೈಯರ್."

"ಮೂಸಿ ನೋಡಿದ್ರಾ ಅಜ್ಜ?"

"ನೋಡಿದೆ. ವಾಸನೇನೇ ಇರಲಿಲ್ಲ." ಅವನು ಜಾಡಿಯ ಮುಚ್ಚಳ ತಿರುವುತ್ತ ಕೂತ. "ನಲವತ್ತು ವರ್ಷ ಮೂಗು ನಂಬಿ ಬದುಕಿದೋನು. ಅವತ್ತೇ ಅನುಮಾನ ಬರಬೇಕಿತ್ತು. ಜನ ಹುಡುಕ್ಕೊಂಡು ಬರೋಕೆ ಶುರು ಮಾಡಿದ್ರು ನೋಡಿ, ನನ್ನ ಕೈಗುಣ ಅಂದ್ಕೊಂಡೆ."

ಅವನ ಮೇಲೆ ಸಿಟ್ಟು ಕಟ್ಟಿಕೊಂಡೇ ಕಾದಿದ್ದಳು. ಈಗ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಒಂದು ಮಾತು ಕೇಳ್ಲಾ?" ಎಂದ ಅಜ್ಜ. "ಇದನ್ನ ತೆಗೆದುಬಿಟ್ಟರೆ, ಬರೀ ನನ್ನ ಬೇರು ನೋವು ಕಮ್ಮಿ ಮಾಡುತ್ತಾ?"

"ಗೊತ್ತಿಲ್ಲ ಅಜ್ಜ. ಒಳಗೇನಿದೆ ಅಂತ ನಾನು ಹೇಳಬಲ್ಲೆ. ವಾಸಿ ಮಾಡುತ್ತಾ ಅನ್ನೋದಕ್ಕೆ ಬೇರೆ ಥರ ಪರೀಕ್ಷೆ ಬೇಕು. ನಿಮ್ಮ ಪುಡಿಗೆ ಅದನ್ನ ಯಾರೂ ಮಾಡಿಲ್ಲ."

"ನಲವತ್ತು ವರ್ಷದಲ್ಲಿ ಯಾರೂ ಕೇಳಲೇ ಇಲ್ವಲ್ಲ," ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ.

ಜಾಡಿಯ ಜಾಡು ಹಿಡಿದು ಸಪ್ಲೈಯರನ ಗೋದಾಮಿಗೆ ಬೀಗ ಬಿತ್ತು. ಬೇರಜ್ಜನ ಲೈಸೆನ್ಸು ಆರು ತಿಂಗಳು ಅಮಾನತ್ತಾಯಿತು. ಮತ್ತೆ ಅಂಗಡಿ ತೆರೆದಾಗ ಕೊಳ್ಳುವವರು ಅರ್ಧಕ್ಕೆ ಇಳಿದಿದ್ದರು. "ಮೊದಲಿನ ಪವರ್ ಇಲ್ಲ" ಎಂದು ಹೋದವರೇ ಹೆಚ್ಚು. ಅವನು ಮಾತ್ರ ಹೊಸ ಸರಕನ್ನು ಪರೀಕ್ಷೆಗೆ ಕಳಿಸದೆ ಒರಳಿಗೆ ಹಾಕುತ್ತಿರಲಿಲ್ಲ.

ಅತ್ತೆಯ ಮುಖ ನಿಧಾನವಾಗಿ ಮೊದಲಿನಂತಾಯಿತು. ನೋವೂ ಮರಳಿ ಬಂತು. ಕೋಲು ಹಿಡಿದು, ಡಾಕ್ಟರು ಹೇಳಿದ ವ್ಯಾಯಾಮವನ್ನು ಗೊಣಗುತ್ತಲೇ ಮಾಡಿದರು. ಒಂದು ದಿನ ಕೋಲೂರಿಕೊಂಡು ಪರೀಕ್ಷಾಲಯಕ್ಕೇ ಬಂದರು.

"ನನ್ನ ಕಾಲು ಕಸ್ಕೊಂಡ ಯಂತ್ರ ಯಾವುದು, ತೋರ್ಸು."

ಸೊಸೆ ಸ್ಟೂಲು ಎಳೆದು ಕೂರಿಸಿ, ಒಂದು ಎಲೆಯ ಪುಡಿ ಇಟ್ಟಳು. ಅತ್ತೆ ಒಂದು ಕಣ್ಣು ಮುಚ್ಚಿ ಬಗ್ಗಿದರು.

"ಇದೇನೇ ಮುಳ್ಳುಮುಳ್ಳು?"

"ಎಲೆ ಮೇಲಿನ ರೋಮ ಅತ್ತೆ."

"ಎಲೆಗೂ ಕೂದಲಾ!" ಅತ್ತೆ ತಲೆ ಎತ್ತಲೇ ಇಲ್ಲ. "ತೆಗೀಬೇಡ ಇರು. ಆಮೇಲೆ ಇನ್ನೊಂದು ಹಾಕು."