ಮೊದಲು ಮನೆಯೋ, ಮೊದಲು ಹೆಸರೋ: ನಮ್ಮ ಮೇಡಂ ನಡೆಸಿದ ಒಂದು ವಾದ

ಜನಚಳವಳಿಗಳ ಚರಿತ್ರೆಯನ್ನು ಕಾಲೇಜಿನ ತರಗತಿಯಲ್ಲಿ ಒಂದು ಶಾಸ್ತ್ರವಾಗಿ ಬೋಧಿಸಬಹುದೆಂದು ಯಾರೂ ನಂಬದಿದ್ದ ದಿನಗಳಲ್ಲಿ ಅದನ್ನು ಬೋಧಿಸಿದ್ದಲ್ಲದೆ, ನಾಗರಿಕ ಹಕ್ಕುಗಳ ಹೋರಾಟಕ್ಕೂ ಸ್ತ್ರೀವಾದಕ್ಕೂ ಇರುವ ನಂಟು ತಾಯಿ ಮಗಳದೋ, ಅಕ್ಕ ತಂಗಿಯರದೋ, ಅಥವಾ ಒಂದೇ ಓಣಿಯಲ್ಲಿದ್ದೂ ಮಾತು ಬಿಟ್ಟ ನೆರೆಯವರದೋ ಎಂಬ ಪ್ರಶ್ನೆಯನ್ನು ಮೂರು ದಶಕಗಳ ಕಾಲ ಬಿಡದೆ ಕೆದಕಿದವರು ನಮ್ಮ ಮೇಡಂ. ಅವರ ಎರಡು ಗ್ರಂಥಗಳ ತೂಕವನ್ನು ಅವರ ನಿವೃತ್ತಿಯ ಈ ಅಭಿನಂದನಾ ಸಂಪುಟದಲ್ಲಿ ಬಲ್ಲವರು ಅಳೆಯುತ್ತಾರೆ. ನಾನು ಅವರ ವಿದ್ಯಾರ್ಥಿನಿಯಾಗಿದ್ದವಳು, ಆಮೇಲೆ ಅದೇ ವಿಭಾಗದಲ್ಲಿ ಅವರ ಪಕ್ಕದ ಮೇಜಿಗೆ ಬಂದವಳು. ಆ ಪ್ರಶ್ನೆ ಪುಸ್ತಕದಿಂದ ಇಳಿದು ಬಂದು ನಮ್ಮ ಮನೆಯ ನಡುವೆಯೇ ಚಕ್ಕಳಮಕ್ಕಳ ಹಾಕಿ ಕೂತಾಗ ಮೇಡಂ ಏನು ಮಾಡಿದರೆಂಬುದನ್ನು ಕಣ್ಣಾರೆ ಕಂಡವಳು. ಅದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮೇಡಂ ಕಾಲೇಜಿಗೆ ಸೇರಿದಾಗ ಚರಿತ್ರೆಯ ವಿಭಾಗದಲ್ಲಿದ್ದ ಏಕೈಕ ಹೆಂಗಸು ಅವರೇ. ಅಧ್ಯಾಪಕರ ಕೋಣೆಯಲ್ಲಿ ಅವರಿಗೆಂದು ಕೊಟ್ಟ ಕುರ್ಚಿಯ ಒಂದು ಕಾಲು ಗಿಡ್ಡ. ಅದರಡಿ ಮಡಚಿದ ರಟ್ಟು ಇಟ್ಟುಕೊಂಡು ವರ್ಷಗಟ್ಟಲೆ ಕೂತರಂತೆ. ಯಾರಾದರೂ ಒಂದು ಮಾತನ್ನು ಕಡ್ಡಿ ಮುರಿದ ಹಾಗೆ ಹೇಳಿ ಮುಗಿಸಿದರೆ, ಇವರು ಕನ್ನಡಕ ಸರಿಮಾಡಿಕೊಂಡು, “ಆದರೆ...” ಎನ್ನುತ್ತಿದ್ದರು. ಹೀಗಾಗಿ ವಿದ್ಯಾರ್ಥಿಗಳ ಬಾಯಲ್ಲಿ ಅವರು “ಆದರೆ ಮೇಡಂ”. ಈ ಅಡ್ಡಹೆಸರು ಅವರ ಕಿವಿಗೆ ಬಿದ್ದಾಗ, “ನಿಜ, ಆದರೆ ಎಲ್ಲ ಸಲ ಅಲ್ಲ” ಎಂದರೆಂದು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಈಗಲೂ ಹೇಳಿ ನಗುತ್ತಾರೆ. ಇದೇ ಸಹೋದ್ಯೋಗಿಯ ಹೆಂಡತಿ ಹೆರಿಗೆಯ ನಂತರ ಹಾಸಿಗೆ ಹಿಡಿದಾಗ, “ಮಗು ನೋಡ್ಕೊಳ್ಳೋದು ನಿಮ್ಮ ಕೆಲಸವೂ ಹೌದು, ಮನೆಗೆ ಹೋಗಿ” ಎಂದು ಗದರಿಸಿ, ಅವರ ತರಗತಿಗಳನ್ನು ಒಂದು ಅವಧಿಯುದ್ದಕ್ಕೂ ತಾವೇ ತೆಗೆದುಕೊಂಡವರು ಮೇಡಂ. ಸ್ತ್ರೀವಾದ ಎಂದರೇನೆಂದು ತಮಗೆ ಅರ್ಥವಾದದ್ದು ಮಗುವಿನ ಬಟ್ಟೆ ಒಗೆಯುವಾಗ ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

ನಾನು ಕಾಲೇಜಿಗೆ ಬಂದದ್ದು ರೈಲು ಹಳಿಯ ಆಚೆಗಿನ ಬಡಾವಣೆಯಿಂದ. ಹಳಿಯಾಚೆಯವರೆಂದರೆ ಊರಿನಲ್ಲಿ ಒಂದು ಬಗೆ: ನಮ್ಮ ಕೈ ಒಗೆದ ಬಟ್ಟೆ ಬೇಕು, ನಮ್ಮ ಕೈ ಗುಡಿಸಿದ ರಸ್ತೆ ಬೇಕು, ಆದರೆ ವಿಳಾಸ ಹೇಳಿದೊಡನೆ ಬಾಡಿಗೆ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಾನು ತರಗತಿಯ ಕೊನೆಯ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದೆ. ಮೇಡಂ ಒಂದು ದಿನ ಪಾಠ ಮುಗಿಸಿ, ಎಲ್ಲರೂ ಹೋದ ಮೇಲೆ ಬಂದು, “ನಾಳೆ ನಾನು ಇವತ್ತು ಹೇಳಿದ್ದು ತಪ್ಪು ಅಂತ ನೀನು ಸಾಧಿಸ್ಬೇಕು” ಎಂದರು. “ಆದ್ರೆ ನೀವು ಹೇಳಿದ್ದು ಸರಿಯಾಗೇ ಇದೆಯಲ್ಲ ಮೇಡಂ” ಎಂದೆ. “ಇದ್ರೆ ಇರ್ಲಿ. ವಾದ ಮಾಡೋಕೆ ಅದು ಅಡ್ಡಿ ಅಲ್ಲ” ಎಂದರು. ಮರುದಿನ ನಾನು ತೊದಲಿದೆ, ಬೆವರಿದೆ, ಸೋತೆ. ಸೋತರೂ ತರಗತಿಯ ಮುಂದೆ ನಿಂತಿದ್ದೆ. ಇನ್ನೊಬ್ಬರು ಕೈಹಿಡಿದು ಮೇಲೆತ್ತುವುದು ಒಂದು ಉಪಕಾರ. ತಮ್ಮನ್ನೇ ಎದುರಾಳಿಯಾಗಿ ಕೊಟ್ಟು ನಮ್ಮ ಕಾಲಿಗೆ ಬಲ ತುಂಬುವುದು ಬೇರೆಯದೇ ಉಪಕಾರ. ಆ ಎರಡನೆಯದು ಮೇಡಂ ಅವರದು.

ನಾನು ಅಂತಿಮ ವರ್ಷದಲ್ಲಿದ್ದಾಗ ನಗರಸಭೆ ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಹೊಸ ವಸತಿಗಳನ್ನು ಕಟ್ಟಿಸಿತು. ಹಳಿಯಾಚೆಯವರಿಗೆ ಅಲ್ಲಿ ಜಾಗವಿಲ್ಲವೆಂಬುದು ಬರೆಯದ ನಿಯಮ. ಅದನ್ನು ಮುರಿಯಲು ನಾಗರಿಕ ಹಕ್ಕುಗಳ ಸಮಿತಿ ಎದ್ದು ನಿಂತಿತು. ಅದರ ಕಾರ್ಯದರ್ಶಿ ನನ್ನ ಸೋದರಮಾವ, ಫ್ಯಾನು ಮೋಟಾರುಗಳ ರಿಪೇರಿ ಅಂಗಡಿ ಇಟ್ಟವರು. ಸಮಿತಿಗೆ ಸಲಹೆಗಾರರು ಮೇಡಂ. ನನ್ನ ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಸಮಿತಿಯ ಪ್ರತಿಯೊಂದು ಮೆರವಣಿಗೆಯಲ್ಲೂ ಮುಂದಿನ ಸಾಲು ಲಾಂಡ್ರಿಯ ಹೆಂಗಸರದೇ.

ತಕರಾರು ಶುರುವಾದದ್ದು ಒಂದು ಸಣ್ಣ ಸಂಗತಿಯಿಂದ. ವಸತಿಯನ್ನು ಕೊಡುವುದು ಮನೆಯ ಗಂಡಸಿನ ಹೆಸರಿಗೆ ಮಾತ್ರ ಎಂದು ನಗರಸಭೆಯ ನಿಯಮವಿತ್ತು. ಅಷ್ಟರಲ್ಲಿ ನನ್ನ ಚಿಕ್ಕಮ್ಮನ ಗಂಡ ಇನ್ನೊಬ್ಬಳನ್ನು ತಂದುಕೊಂಡು, “ಮನೆ ನನ್ನ ಹೆಸರಲ್ಲಿದೆ” ಎಂದು ಹೆಂಡತಿ ಮಕ್ಕಳನ್ನು ಹೊರಗೆ ಹಾಕಿದ್ದ. ಚಿಕ್ಕಮ್ಮ ಬಂದು ಸೇರಿದ್ದು ನಮ್ಮ ಒಂದೇ ಕೋಣೆಯ ಮನೆಗೆ. ಹಾಸಿಗೆ ಬಿಡಿಸಿದರೆ ಬಾಗಿಲು ತೆರೆಯಲು ಆಗುತ್ತಿರಲಿಲ್ಲ. ಹೆಂಗಸರ ಹೆಸರಿಗೂ ಮನೆ ಕೊಡಬೇಕೆಂಬ ಬೇಡಿಕೆಯನ್ನು ಸೇರಿಸಿರೆಂದು ಲಾಂಡ್ರಿಯವರು ಸಮಿತಿಯ ಸಭೆಯಲ್ಲಿ ಕೇಳಿದರು.

ಸಭೆ ನಡೆದದ್ದು ಬಡಾವಣೆಯ ಶಾಲೆಯಲ್ಲಿ, ಒಂದನೇ ತರಗತಿಯ ಗಿಡ್ಡ ಬೆಂಚುಗಳ ಮೇಲೆ. ಎಲ್ಲರ ಮೊಣಕಾಲೂ ಗಲ್ಲಕ್ಕೆ ತಗಲುತ್ತಿತ್ತು. ಮಾವ ಎದ್ದು ನಿಂತರು.

“ಮೊದ್ಲು ಮನೆ ಸಿಗ್ಲಿ. ಯಾರ ಹೆಸ್ರು ಅಂತ ಆಮೇಲೆ ನೋಡ್ಕೊಳ್ಳೋಣ. ಈಗ ಇದನ್ನ ಎತ್ತಿದ್ರೆ, ಇವ್ರಲ್ಲೇ ಒಗ್ಗಟ್ಟಿಲ್ಲ ಅಂತ ನಗರಸಭೆಯವ್ರು ಕೈ ತೊಳ್ಕೋತಾರೆ.”

ಅಮ್ಮ ಕೂತಲ್ಲಿಂದಲೇ, “ಲೋ, ಮೆರವಣಿಗೇಲಿ ಮುಂದೆ ನಿಲ್ಲೋಕೆ ಹೆಂಗಸ್ರು. ಬೀಗದಕೈ ಕೊಡೋ ದಿನ ಮಾತ್ರ ಹಿಂದೆ ನಿಲ್ಬೇಕಾ?” ಎಂದಳು.

“ಅಕ್ಕ, ಸಣ್ಣಕ್ಕಂದು ನಮ್ಮನೆ ವಿಷ್ಯ. ಇದು ಚಳವಳಿ.”

“ಮನೆಗೋಸ್ಕರ ಚಳವಳಿ ಮಾಡ್ತಾ ಮನೆ ವಿಷ್ಯ ಬೇಡ ಅಂತೀಯಲ್ಲೋ, ನಿನ್ನ ಎತ್ತಿ ಆಡ್ಸಿದ್ದಕ್ಕೆ ಸಾರ್ಥಕ ಆಯ್ತು!”

ಸಭೆ ನಕ್ಕಿತು. ಮಾವ ನಗಲಿಲ್ಲ. ಮೇಡಂ ಕಡೆ ತಿರುಗಿ, “ನೀವು ಹೇಳಿ ಮೇಡಂ, ನೀವು ಯಾರ ಕಡೆ?” ಎಂದರು. ಮೇಡಂ ಹೇಳಿದ್ದಿಷ್ಟು: “ನಿಮ್ಮ ಭಯ ಸುಳ್ಳಲ್ಲ. ಆದರೆ ಅವರ ಪ್ರಶ್ನೆ ಸರಿ. ಬೇಡಿಕೆ ಸೇರಿಸ್ಬೇಕು.” ಬೇಡಿಕೆಯನ್ನು ಸೇರಿಸದೆಯೇ ಸಭೆ ಮುಗಿಯಿತು. ಮುಂದಿನ ಮೆರವಣಿಗೆಗೆ ಬರುವುದಿಲ್ಲವೆಂದು ಲಾಂಡ್ರಿಯವರು ಎದ್ದು ಹೋದರು.

ಊರಿನ ಮಹಿಳಾ ಸಂಘಕ್ಕೂ ಮೇಡಂ ಉಪಾಧ್ಯಕ್ಷೆ. ಅಧ್ಯಕ್ಷೆ ಒಬ್ಬ ವಕೀಲೆ, ಮಾತಿನಲ್ಲಿ ಚೂಪು, ಮನಸ್ಸಿನಲ್ಲಿ ಒಳ್ಳೆಯವರು. ಹೆಂಗಸರ ಹೆಸರಿಗೆ ಮನೆ ಎಂಬ ಬೇಡಿಕೆ ಅವರಿಗೆ ತಕ್ಷಣ ಹಿಡಿಸಿತು. “ಆದ್ರೆ ಹಳಿಯಾಚೆಯ ಮಾತು ಬೇಡ. ಹೆಣ್ಣೆಂದ್ರೆ ಎಲ್ಲಾ ಒಂದೇ. ಅದನ್ನ ಬೆರೆಸಿದ್ರೆ ಅರ್ಧ ಸದಸ್ಯರು ಸಂಘ ಬಿಡ್ತಾರೆ” ಎಂದರು. ಆಗ ಮೇಡಂ ಅವರಿಗೆ ಹೇಳಿದ್ದನ್ನು, ಆ ದಿನ ಜೊತೆಗಿದ್ದ ನಾನು ಮರೆತಿಲ್ಲ. ಅನೇಕ ದೇಶಗಳಲ್ಲಿ ಹೆಂಗಸರು ಸಭೆ ಕರೆಯುವುದನ್ನೂ ಕರಪತ್ರ ಬರೆಯುವುದನ್ನೂ ಪೊಲೀಸರೆದುರು ನಿಲ್ಲುವುದನ್ನೂ ಕಲಿತದ್ದು ನಾಗರಿಕ ಹಕ್ಕುಗಳ ಹೋರಾಟದಲ್ಲೇ. ಚಹಾ ತಮ್ಮ ಪಾಲಿಗೆ, ವೇದಿಕೆ ಗಂಡಸರ ಪಾಲಿಗೆ ಎಂಬುದು ತಿಳಿದದ್ದೂ ಅಲ್ಲೇ. ಆ ಸಿಟ್ಟಿನಿಂದ ತಮ್ಮದೇ ಚಳವಳಿ ಕಟ್ಟಿದವರಲ್ಲಿ ಎಷ್ಟೋ ಜನ, ತಮಗೆ ಅಕ್ಷರ ಕಲಿಸಿದ ಮನೆಯ ದಾರಿಯನ್ನೇ ಮರೆತರು ಎಂದರು. “ಎಲ್ಲಾ ಹೆಣ್ಣೂ ಒಂದೇ ಅಂತೀರಿ. ಹಾಗಾದ್ರೆ ಲಾಂಡ್ರಿಯವ್ರಿಗೆ ಮನೆ ಸಿಗದೆ ಇರೋದು ಹೆಣ್ಣಾಗಿದ್ದಕ್ಕೋ, ಹಳಿಯಾಚೆ ಹುಟ್ಟಿದ್ದಕ್ಕೋ? ಅವ್ರನ್ನ ಎರಡು ತುಂಡು ಮಾಡಿ, ಒಂದು ತುಂಡನ್ನ ಮಾತ್ರ ನಮ್ಮ ಸಂಘಕ್ಕೆ ತಗೊಳ್ಳೋಕಾಗುತ್ತಾ?” ವಕೀಲೆ ಕಡತವನ್ನು ಮುಚ್ಚಿದರು.

ಮೇಡಂ ಈಗ ಅತ್ತ ದರಿ ಇತ್ತ ಪುಲಿ ಎಂಬಂತಾದರು. ಸಮಿತಿಯವರಿಗೆ ಅವರು ಮನೆ ಒಡೆಯುವ ಸ್ತ್ರೀವಾದಿ. ಸಂಘದವರಿಗೆ ಬೀದಿ ರಾಜಕೀಯದವರು. ಕಾಲೇಜಿಗೆ ದೂರುಗಳು ಹೋಗಿ, ಪ್ರಾಂಶುಪಾಲರು ಕರೆಸಿ ವಿಚಾರಿಸಿದರು. ಆ ವರ್ಷ ಅವರಿಗೆ ಬರಬೇಕಿದ್ದ ವಿಭಾಗದ ಮುಖ್ಯಸ್ಥೆಯ ಸ್ಥಾನ ಅವರಿಗಿಂತ ಕಿರಿಯರೊಬ್ಬರಿಗೆ ಹೋಯಿತು. ಅದರ ಬಗ್ಗೆ ಅವರು ನಮ್ಮೆದುರು ಒಂದು ಮಾತನ್ನೂ ಆಡಲಿಲ್ಲ.

ಬದಲಿಗೆ ದಿನವೂ ಕಾಲೇಜು ಮುಗಿಸಿ ಮಾವನ ಅಂಗಡಿಗೆ ಹೋಗತೊಡಗಿದರು. ಮಾವ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರೆ ಇವರು ಸ್ಟೂಲಿನ ಮೇಲೆ ಕೂತು ವಾದ ಮಾಡುತ್ತಿದ್ದರು. ರಿಪೇರಿಗೆ ಬಂದ ಗಿರಾಕಿಗಳೂ ನಿಂತು ಕೇಳಿ, ತಲೆಗೊಂದು ಅಭಿಪ್ರಾಯ ಕೊಟ್ಟು ಹೋಗುತ್ತಿದ್ದರು. ಒಂದು ಸಂಜೆ ನಾನು ಮಾವನಿಗೆ ಊಟದ ಡಬ್ಬಿ ಒಯ್ದಿದ್ದೆ. ಮಾವ ರೇಗಿದ್ದರು.

“ನಮ್ಮಜ್ಜನ ಕಾಲದಿಂದ್ಲೂ ಕೇಳಿದೀವಿ ಮೇಡಂ, ‘ಈಗ ಬೇಡ, ತಡ್ಕೊಳ್ಳಿ, ನಿಮ್ಮ ಸರದಿ ಬರುತ್ತೆ’ ಅಂತ. ಈಗ ಬಾಗಿಲವರೆಗೂ ಬಂದಿದೀವಿ. ಅದನ್ನ ಕಳ್ಕೊಳ್ಳಿ ಅಂತೀರಾ?”

“ನಿಮ್ಮಕ್ಕಂಗೂ ನೀವು ಅದೇ ಮಾತು ಹೇಳ್ತಿದೀರಲ್ಲ,” ಮೇಡಂ ಮೆಲ್ಲಗೆ ಅಂದರು. “ಈಗ ಬೇಡ, ತಡ್ಕೋ, ನಿನ್ನ ಸರದಿ ಬರುತ್ತೆ.”

ಮಾವನ ಕೈಯ ತಂತಿ ತುಂಡಾಯಿತು. “ಇವತ್ತಿಗೆ ಸಾಕು, ನೀವು ಹೊರಡಿ” ಎಂದುಬಿಟ್ಟರು. ಅವರು ಮೇಡಂಗೆ ಅಷ್ಟು ಒರಟಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮೇಡಂ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಮರುದಿನ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. “ಎಲ್ಲಾ ಹಾಳು ಮಾಡಿಬಿಟ್ನೇನೋ” ಎಂದು ನನ್ನೆದುರು ಒಮ್ಮೆ ಮಾತ್ರ ಅಂದರು. ವಾದದಲ್ಲಿ ಅಳುಕದ ಆ ಮುಖ ಅಂದು ಬಾಡಿತ್ತು.

ನಗರಸಭೆ ಠರಾವು ಮಾಡುವ ದಿನ ಬಂತು. ಸಭಾಂಗಣದ ಹಿಂದಿನ ಸಾಲುಗಳಲ್ಲಿ ಒಂದು ಕಡೆ ಸಮಿತಿಯ ಗಂಡಸರು, ನಡುವೆ ಖಾಲಿ ಕುರ್ಚಿಗಳು, ಇನ್ನೊಂದು ಕಡೆ ಲಾಂಡ್ರಿಯ ಹೆಂಗಸರು. ಅಮ್ಮ ಮತ್ತು ಮಾವ ವಾರಗಳಿಂದ ಮಾತು ಬಿಟ್ಟಿದ್ದರು. ಮೇಡಂ ಖಾಲಿ ಕುರ್ಚಿಗಳ ನಡುವೆ ಒಬ್ಬರೇ ಕೂತರು. ಅಷ್ಟರಲ್ಲಿ ವಕೀಲೆ ಬಂದರು, ಸಂಘದ ಬೆರಳೆಣಿಕೆಯ ಹೆಂಗಸರೊಂದಿಗೆ. ಸುತ್ತಲೂ ಒಮ್ಮೆ ನೋಡಿ, ಲಾಂಡ್ರಿಯವರ ಸಾಲಿನಲ್ಲಿ ಅಮ್ಮನ ಪಕ್ಕಕ್ಕೇ ಹೋಗಿ ಕೂತರು. ಮಾತಿಗೆ ಅವಕಾಶ ಸಿಕ್ಕಾಗ ಎದ್ದು, “ನಾನು ಮಾತಾಡ್ತಿರೋದು ಹಳಿಯಾಚೆಯ ಹೆಂಗಸರ ಪರವಾಗಿ” ಎಂದು ಶುರು ಮಾಡಿದರು. ಬೇಡವೆಂದಿದ್ದ ಆ ಪದ ಅವರ ಬಾಯಿಂದಲೇ ಮೊದಲು ಬಂದದ್ದನ್ನು ಕೇಳಿ ಮೇಡಂ ತಲೆ ಬಗ್ಗಿಸಿ ಕನ್ನಡಕ ಒರೆಸತೊಡಗಿದರು.

ಆಗ ನಗರಸಭೆಯ ಅಧ್ಯಕ್ಷರು ಮಾವನನ್ನು ಎಬ್ಬಿಸಿ ಕೇಳಿದರು: “ಗಂಡಸರ ಹೆಸರಿಗೆ ಅಂತ ನೀವು ಒಪ್ಕೊಂಡ್ರೆ ಇವತ್ತೇ ಮನೆ ಕೊಡ್ತೀವಿ. ಈ ಹೊಸ ಬೇಡಿಕೆ ಸಮಿತಿದೋ, ಅಲ್ವೋ?”

ಬಲೆ ಎಲ್ಲರಿಗೂ ಕಂಡಿತು. ಒಪ್ಪಿದರೆ ಹೋರಾಟ ಅಂದೇ ಕೈಗೂಡುತ್ತಿತ್ತು. ಮಾವ ಕುರ್ಚಿಯ ಬೆನ್ನು ಹಿಡಿದು ನಿಂತರು, ಅಮ್ಮನ ಸಾಲಿನಲ್ಲಿ ಕೂತಿದ್ದ ಚಿಕ್ಕಮ್ಮನ ಕಡೆ ನೋಡಿದರು.

“ಸಮಿತಿದೇ, ಸ್ವಾಮಿ. ನನಗೆ ಇಬ್ಬರು ಅಕ್ಕಂದಿರು. ಅವ್ರು ಹೊರಗೆ ನಿಂತಿರೋವಾಗ ನಾನು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳೋಕಾಗಲ್ಲ.”

ಸಮಿತಿಯವರಲ್ಲಿ ಒಂದಿಬ್ಬರು ಗೊಣಗಿದರು. ಉಳಿದವರು ಒಬ್ಬೊಬ್ಬರಾಗಿ ಎದ್ದು ಮಾವನ ಹಿಂದೆ ನಿಂತರು. ಸದಸ್ಯರು ಚರ್ಚೆಗೆಂದು ಒಳಕೋಣೆಗೆ ಹೋದರು, ನಮ್ಮನ್ನು ಮೊಗಸಾಲೆಗೆ ಕಳಿಸಿದರು. ಆ ಕಾಯುವಿಕೆ ಎಷ್ಟು ಹೊತ್ತಿನದೋ ನಾನರಿಯೆ; ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಗುಮಾಸ್ತರು ಹೊರಬಂದು, ಹಳಿಯಾಚೆಯವರಿಗೂ ವಸತಿ ಮಂಜೂರಾಗಿದೆ, ಗಂಡಹೆಂಡಿರಿಬ್ಬರ ಹೆಸರಿಗೂ, ಒಂಟಿ ಹೆಂಗಸರಿಗೆ ಅವರದೇ ಹೆಸರಿಗೂ ಎಂದು ಓದಿ ಹೇಳಿದರು. ಯಾರೂ ಜಯಕಾರ ಹಾಕಲಿಲ್ಲ. ಎಲ್ಲರೂ ಒಮ್ಮೆಗೇ ಉಸಿರು ಬಿಟ್ಟರು. ಅಮ್ಮ ಮೆಟ್ಟಿಲಿನ ಮೇಲೆ ಕುಸಿದು ಕೂತು, ಚಪ್ಪಲಿ ಕಳಚಿ, ಕಾಲು ನೀಡಿಕೊಂಡು, “ಅಬ್ಬ! ಇನ್ನು ಯಾರು ಏಳು ಅಂದ್ರೂ ಏಳಲ್ಲ” ಎಂದಳು. ಮಾವ ಎಲ್ಲಿಂದಲೋ ಒಂದು ಲೋಟ ನೀರು ತಂದು ಅವಳ ಮುಂದೆ ಹಿಡಿದರು. ಅವಳು ಅರ್ಧ ಕುಡಿದು, ಉಳಿದದ್ದನ್ನು, “ನೀನೂ ಕುಡಿ, ಮುಖ ಬಿಳಿಚ್ಕೊಂಡಿದೆ” ಎಂದು ಅವರಿಗೇ ಕೊಟ್ಟಳು. ಗೋಡೆಗೊರಗಿ ನಿಂತಿದ್ದ ಮೇಡಂ ನಗುತ್ತಲೇ ಅತ್ತರು.

ಇದನ್ನು ಸುಖಾಂತ ಕಥೆಯಂತೆ ಹೇಳಿದರೆ ಮೇಡಂ ಒಪ್ಪುವುದಿಲ್ಲ. ಸಂಘದಲ್ಲಿ ನಿಜಕ್ಕೂ ಅರ್ಧ ಸದಸ್ಯರು ಬಿಟ್ಟು ಹೋದರು. ಮಾವ ಇಂದಿಗೂ, “ಅವತ್ತು ಸೋತಿದ್ರೆ ಜನ ನನ್ನನ್ನ ಸುಮ್ನೆ ಬಿಡ್ತಿದ್ರಾ?” ಎಂದು ಕೇಳುತ್ತಾರೆ. “ಬಿಡ್ತಿರಲಿಲ್ಲ. ನನ್ನನ್ನೂ ಬಿಡ್ಬಾರದಿತ್ತು” ಎಂದು ಮೇಡಂ ಉತ್ತರಿಸುತ್ತಾರೆ. ಎರಡು ಹೋರಾಟಗಳು ಒಂದನ್ನೊಂದು ಬಿಟ್ಟು ಗೆಲ್ಲಲಾರವೆಂದು ಅವರು ಎಲ್ಲಿಯೂ ಬರೆದಿಲ್ಲ. ಬಿಟ್ಟು ಗೆದ್ದ ಉದಾಹರಣೆಗಳಿವೆ, ಆ ಗೆಲುವಿನಲ್ಲಿ ಹೊರಗುಳಿದವರನ್ನು ಎಣಿಸಿ ಎಂದಷ್ಟೇ ಬರೆದಿದ್ದಾರೆ.

ಮುಂದೆ ವಿಭಾಗದ ಮುಖ್ಯಸ್ಥೆಯ ಸ್ಥಾನ ತಡವಾಗಿಯಾದರೂ ಬಂತು. ಅವರು ಮೊದಲು ಮಾಡಿದ ಕೆಲಸ, ಚಳವಳಿಗಳ ಚರಿತ್ರೆಯನ್ನು ಐಚ್ಛಿಕ ವಿಷಯದಿಂದ ಕಡ್ಡಾಯಕ್ಕೆ ತಂದದ್ದು. ಕಳೆದ ವರ್ಷ ಅದನ್ನು ಕೈಬಿಡುವ ಮಾತು ಎದ್ದು ನಾವೆಲ್ಲ ಕಂಗಾಲಾಗಿದ್ದೆವು. ಈ ಬೇಸಿಗೆಯಲ್ಲಿ ವಿಷಯ ಉಳಿದುಕೊಂಡಿತೆಂಬ ಆದೇಶ ಬಂದಾಗ ಮೇಡಂ, “ಇನ್ನು ನಿಶ್ಚಿಂತೆಯಿಂದ ನಿವೃತ್ತಿ ಆಗ್ಬಹುದು” ಎಂದು ಕುರ್ಚಿಗೆ ಬೆನ್ನು ಕೊಟ್ಟರು. ಅವರು ಹಾಗೆ ಬೆನ್ನು ಕೊಟ್ಟು ಕೂತದ್ದನ್ನು ನಾನು ಕಂಡದ್ದು ಅಪರೂಪ.

ನಿವೃತ್ತಿಯ ನಂತರ ಅವರು ಮೂರನೆಯ ಗ್ರಂಥಕ್ಕೆ ಕೈಹಾಕಲಿದ್ದಾರೆ. ಆ ವರ್ಷದ ವಾದವೇ ಅದರ ವಸ್ತು. ಸುದ್ದಿ ತಿಳಿದ ಮಾವ ತಕ್ಷಣ ಅವರ ಮನೆಗೆ ಹೋಗಿ, “ನೀವೊಬ್ಬರೇ ಬರ್ಕೊಂಡ್ರೆ ಹೇಗೆ? ನನಗೂ ಒಂದು ಅಧ್ಯಾಯ ಬಿಡಿ” ಎಂದರಂತೆ. ಮೇಡಂ ಒಪ್ಪಿದ್ದಾರೆ. ಅಮ್ಮನೂ ಒಂದು ಅಧ್ಯಾಯ ಕೇಳಿದ್ದಾಳೆ, ಅದೂ ತಮ್ಮನದಕ್ಕಿಂತ ಮೊದಲು ಬರಬೇಕಂತೆ; ಈ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಮೇಡಂ ಅವರಿಗೆ ಗಟ್ಟಿಮುಟ್ಟಾದ ಆಯುಸ್ಸು, ನೋಯದ ಕಣ್ಣು, ಬರೆಯಲು ಬಿಡುವಾದ ಬೆಳಗುಗಳು ಧಾರಾಳವಾಗಿ ಸಿಗಲಿ. ಅವರ ಪ್ರತಿ ಪುಟಕ್ಕೂ ಎದುರುತ್ತರ ಬರೆಯುವಷ್ಟು ಆಯುಸ್ಸು ನಮ್ಮ ಮಾವನಿಗೂ, ಇಬ್ಬರನ್ನೂ ತಿದ್ದುವಷ್ಟು ಆಯುಸ್ಸು ನಮ್ಮ ಅಮ್ಮನಿಗೂ ಇರಲಿ.