ತಂತಿಗಳನ್ನು ಬೈಯುವವನು

ರಿಪೇರಿಯವನು ಯಾರ ಮನೆಗೆ ಹೋದರೂ ಬೈಯದೆ ಕೆಲಸ ಮಾಡುವವನಲ್ಲ. ಆದರೆ ಅವನು ಬೈಯುವುದು ತಂತಿಗಳನ್ನು, ಮನುಷ್ಯರನ್ನಲ್ಲ. ಕೋಣೆ ಬೆಚ್ಚಗಿಡುವ ಕಟ್ಟಿಗೆ ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತನೆಂದರೆ, ಕಿತ್ತ ಪ್ಲಗ್ಗನ್ನು ತೊಡೆಯಡಿ ಒತ್ತಿಟ್ಟುಕೊಂಡು, ಸ್ಕ್ರೂಗಳನ್ನು ಟೋಪಿಯೊಳಗೆ ಹಾಕಿ, ಒಂದೊಂದು ತಂತಿಯನ್ನೂ ಹಿಡಿದೆಳೆದು, “ನೀನ್ಯಾರ ಕಡೆಯವನಯ್ಯಾ? ಇಲ್ಲೇನು ಕೆಲ್ಸ ನಿಂಗೆ?” ಎಂದು ವಿಚಾರಣೆ ಶುರುಮಾಡುತ್ತಾನೆ. ಆ ದನಿಗೆ ಎಂಥ ಕಳ್ಳನಾದರೂ ಬಾಯಿಬಿಟ್ಟಾನು. ಮೊನ್ನೆ ಈ ಮನೆಯಲ್ಲಿ ಅಳಿಯ “ಇದೇನು ಮಹಾ ವಿದ್ಯೆ, ಅತ್ತೆ?” ಎಂದು ತಾನೇ ಒಲೆಗೆ ಹೊಸ ಬ್ಲೋವರ್ ಫ್ಯಾನು ಜೋಡಿಸಿದ್ದ. ಅದು ತಿರುಗಲೇ ಇಲ್ಲ. ಒಳಕೋಣೆಯ ಬಾಣಂತಿಗೂ ಕೂಸಿಗೂ ಎರಡು ದಿನದಿಂದ ಬಿಸಿ ಮುಟ್ಟಿರಲಿಲ್ಲ. ರಿಪೇರಿಯವನು ಬಗ್ಗಿ ನೋಡಿದರೆ, ಫ್ಯಾನಿನ ಎರಡು ತಂತಿಗಳೂ ಒಂದೇ ಸ್ಕ್ರೂವಿಗೆ ಸುತ್ತಿಕೊಂಡು ಕೂತಿವೆ. “ಇಬ್ರೂ ಒಂದೇ ಮನೇಲಿ ಕೂತ್ರೆ ಕರೆಂಟು ಓಡಾಡೋದೆಲ್ಲಿ, ಸೋಮಾರಿಗಳಾ!” ಎಂದು ಗದರಿ, ಒಂದನ್ನು ಬಿಚ್ಚಿ ಅದರ ಜಾಗಕ್ಕೆ ಸೇರಿಸಿ, ಪ್ಲಗ್ ಹಾಕಿದ. ಒಲೆ ಹೊತ್ತಿ ಕಾದದ್ದೇ ತಡ, ಫ್ಯಾನು ಗುಂಯ್ ಎಂದಿತು, ಬಿಸಿಗಾಳಿ ಒಳಕೋಣೆಯ ಪರದೆ ಅಲ್ಲಾಡಿಸಿತು. ಅಳಿಯ ಸೂರು ನೋಡುತ್ತ ನಿಂತಿದ್ದ. “ಹೇಗೆ ಜೋಡಿಸ್ಬೇಕು ಅನ್ನೋ ಚೀಟೀಲೇ ಕಂಪನಿಯವ್ರು ತಪ್ಪು ಬರ್ದಿದಾರಮ್ಮ. ಅದನ್ನ ನೋಡ್ಕೊಂಡು ನಾನು ಜೋಡಿಸಿದ್ರೂ ಹೀಗೇ ಆಗ್ತಿತ್ತು,” ಎಂದ ರಿಪೇರಿಯವನು. ಹಾಗೆನ್ನುತ್ತಲೇ, ಫ್ಯಾನಿನ ಡಬ್ಬದಲ್ಲಿ ಕವರೂ ಹರಿಯದೆ ಬಿದ್ದಿದ್ದ ಆ ಚೀಟಿಯನ್ನು ಮೆಲ್ಲಗೆ ತನ್ನ ಚೀಲಕ್ಕೆ ಸೇರಿಸಿದ. ಅತ್ತೆ ಅದನ್ನು ಕಂಡಳು. ಕಂಡು, “ಏನು ಕಂಪನಿಯವ್ರೋ! ಪಾಪ, ನಮ್ಮ ಅಳಿಯಂದ್ರನ್ನ ಎಷ್ಟು ಗೋಳು ಹೊಯ್ಕೊಂಡ್ರು,” ಎಂದು ಮೊದಲ ಲೋಟ ಕಾಫಿಯನ್ನು ಅಳಿಯನ ಕೈಗೇ ಕೊಟ್ಟಳು.