ಹದಿನಾಲ್ಕನೆಯ ಪಾಠಕ್ಕೆ ಮೊದಲೇ ಮದುವೆ

ನನಗೆ ಇಂಗ್ಲಿಷ್ ಬೇಕಾಗಿದ್ದದ್ದು ಒಂದೇ ಒಂದು ದಿನಕ್ಕೆ, ಅದೂ ಎರಡು ನಿಮಿಷಕ್ಕೆ. ಮಗಳ ಮದುವೆ ಕೋಲ್ಕತ್ತಾದ ಹುಡುಗನ ಜೊತೆ ಗೊತ್ತಾಗಿತ್ತು. ನಮ್ಮಲ್ಲಿ ಮದುವೆಯ ಸಂಜೆ ಹೆಣ್ಣೊಪ್ಪಿಸುವ ಶಾಸ್ತ್ರವಿದೆ. ಮಗಳ ಕೈಯನ್ನು ಹಾಲಿನಲ್ಲಿ ಅದ್ದಿ ಅತ್ತೆಯ ಕೈಗಿಟ್ಟು, “ಇಲ್ಲೀತನಕ ನಮ್ಮ ಮಗಳು, ಇನ್ಮೇಲೆ ನಿಮ್ಮ ಮಗಳು, ತಪ್ಪು ಮಾಡಿದ್ರೆ ಹೊಟ್ಟೇಲಿ ಹಾಕ್ಕೊಳ್ಳಿ” ಎಂದು ಹೆತ್ತವಳು ಬಾಯಿಬಿಟ್ಟು ಹೇಳಬೇಕು. ನಮ್ಮಮ್ಮ ನನ್ನ ಅತ್ತೆಗೆ ಹೇಳಿದ್ದಳು. ಈ ಬೀಗಿತ್ತಿಗೋ ಕನ್ನಡ ಬಾರದು, ನನಗೆ ಬಂಗಾಳಿ ಬಾರದು. ಹಿಂದಿ ಅಷ್ಟಿಷ್ಟು ಬರುತ್ತದೆ. ಆದರೆ ಅದು ತರಗುಪೇಟೆಯಲ್ಲಿ ನಮ್ಮ ಬೇಳೆ ಮಂಡಿಯ ಮುಂದೆ ಮೂಟೆ ಇಳಿಸುವವರು ಒಬ್ಬರಿಗೊಬ್ಬರು ಬೈದುಕೊಳ್ಳುವಾಗ ಕಿವಿಗೆ ಬಿದ್ದದ್ದು. ಅದರಲ್ಲಿ ಮಾತಾಡಿದರೆ ಮದುವೆ ಛತ್ರದಲ್ಲೇ ಮುರಿದುಬೀಳುತ್ತದೆ.

“ನೀನು ಸುಮ್ನೆ ನಗ್ತಾ ಇರಮ್ಮ, ಸಾಕು. ನಿನ್ನ ಮಾತನ್ನ ನಾನೇ ಇಂಗ್ಲಿಷಲ್ಲಿ ಹೇಳ್ತೀನಿ” ಅಂದಳು ಮಗಳು. ನನಗೆ ಮೈಯೆಲ್ಲ ಉರಿದುಹೋಯಿತು.

“ನಿನ್ನನ್ನ ಒಪ್ಸೋ ಮಾತನ್ನ ನೀನೇ ಹೇಳ್ಕೊಳ್ತೀಯೇನೇ? ಹಾಗಾದ್ರೆ ನಾನ್ಯಾಕೆ ಅಲ್ಲಿ? ದಸರಾ ಬೊಂಬೆ ಥರ ಕೂತ್ಕೊಳ್ಳೋಕಾ?”

ಮಾರನೆಯ ದಿನವೇ ಗವಿಪುರದಿಂದ ಶಂಕರಪುರಕ್ಕೆ ನಡೆದೆ. ಅಲ್ಲಿ ನಿವೃತ್ತ ಟೀಚರೊಬ್ಬರು ಮನೆಯ ವರಾಂಡದಲ್ಲಿ, ಮಧ್ಯಾಹ್ನ ಮೂರಕ್ಕೆ, ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ವಾರಕ್ಕೊಂದು ವಿಷಯ, ವಿಷಯಕ್ಕೊಂದು ಹಾಳೆ. ಮೊದಲು ಅಡುಗೆಮನೆ, ಆಮೇಲೆ ದೇಹ, ಆಮೇಲೆ ಹವಾಮಾನ, ಬಸ್ಸು, ಬ್ಯಾಂಕು. ನೆಂಟಸ್ತಿಕೆ, ಮದುವೆ, ದುಃಖ, ಸಂತೋಷ ಎಲ್ಲ ಸೇರಿ ಹದಿನಾಲ್ಕನೆಯ ಪಾಠ. ಮದುವೆಗೆ ಉಳಿದಿದ್ದದ್ದು ಒಂಬತ್ತೇ ವಾರ.

“ಮೇಡಂ, ನಂಗೆ ಹದಿನಾಲ್ಕನೇದನ್ನ ಮೊದ್ಲು ಮಾಡ್ಬಿಡಿ. ಬಸ್ಸು ಗಿಸ್ಸು ಆಮೇಲೆ ಹತ್ತೋಣ” ಅಂದೆ.

“ಹಾರೋ ಹಾಗಿಲ್ಲ ಕಣ್ರೀ. ಈರುಳ್ಳಿಗೆ ಏನಂತಾರೆ ಅಂತ ಗೊತ್ತಿಲ್ದೆ ದುಃಖಕ್ಕೆ ಹೋಗ್ಬಿಡ್ತೀರಾ?”

ಮೂವತ್ತು ವರ್ಷ ಮಕ್ಕಳನ್ನು ಗದರಿಸಿ ಬಂದ ದನಿ ಅದು. ಅಡುಗೆಮನೆಯ ಹಾಳೆ ಕೈಗೆತ್ತಿಕೊಂಡೆ.

ಕಲಿತದ್ದನ್ನು ಅವತ್ತೇ ಹೊರಗೆ ಬಳಸಬೇಕೆಂಬುದು ಅವರ ಕಟ್ಟಪ್ಪಣೆ. ಗಾಂಧಿಬಜಾರಿನಲ್ಲಿ ಇಪ್ಪತ್ತು ವರ್ಷದಿಂದ ನನಗೆ ತರಕಾರಿ ಕೊಡುವವಳ ಮುಂದೆ ನಿಂತು, “ಬಿಟರ್ ಗೌರ್ಡ್, ಹಾಫ್ ಕೇಜಿ, ಪ್ಲೀಸ್” ಅಂದೆ. ಅವಳು ತಕ್ಕಡಿ ಕೆಳಗಿಟ್ಟು, “ಯಾಕಕ್ಕಾ, ಮನೇಲೇನಾದ್ರೂ ಜಗಳ ಆಯ್ತಾ?” ಎಂದು ಕೇಳಿದಳು. ದೇಹದ ಪಾಠದ ದಿನ ನಾವು ಐದು ಜನವೂ ಎದ್ದು ನಿಂತು, ತಲೆಯಿಂದ ಶುರುಮಾಡಿ ಕೆಳಗಿಳಿಯುತ್ತ ಹೆಸರು ಹೇಳಬೇಕಿತ್ತು. ಮಂಡಿಗೆ ‘ನೀ’ ಎಂದು ಮುಗಿಸಿ, ಕಾಲಿನ ಗಿಣ್ಣಿಗೆ ‘ಆಂಕಲ್’ ಎನ್ನಲು ಬಗ್ಗಿದ ಒಬ್ಬರು ಮೇಲೇಳಲೇ ಇಲ್ಲ. ‘ಬ್ಯಾಕ್ ಪೇಯ್ನ್’ ಹಾಳೆಯಲ್ಲಿ ಇರಲಿಲ್ಲ, ಆದರೂ ಅವತ್ತು ಎಲ್ಲರಿಗೂ ಚೆನ್ನಾಗಿ ಬಂತು.

ಮನೆಯಲ್ಲಿ ಯಜಮಾನರ ಮೇಲೆ ಪ್ರಯೋಗ ಮಾಡಿದೆ. “ಐ ಆಮ್ ಅಂಡರ್ ದ ವೆದರ್” ಅಂದೆ. ಹುಷಾರಿಲ್ಲ ಅಂತ ಅರ್ಥ, ಎಂದು ನಾನೇ ಬಿಡಿಸಿ ಹೇಳಬೇಕಾಯಿತು.

“ಹವಾಮಾನದ ಕೆಳಗಡೆ ಎಲ್ರೂ ಇರೋದೇ ಅಲ್ವೇನೇ? ಹುಷಾರಾಗಿರೋರು ಎಲ್ಲಿರ್ತಾರೆ, ಮೋಡದ ಮೇಲಾ?” ಅಂದರು. ಇವರ ಹತ್ತಿರ ಮಾತಾಡುವುದಕ್ಕಿಂತ ರುಬ್ಬುವ ಗ್ರೈಂಡರಿನ ಹತ್ತಿರ ಮಾತಾಡುವುದೇ ವಾಸಿ ಅನ್ನಿಸಿತು.

ಒಂಬತ್ತನೆಯ ವಾರ ಮೇಡಂಗೆ ಅದೇನು ಕನಿಕರ ಬಂತೋ, ಹೆಣ್ಣೊಪ್ಪಿಸುವ ಮಾತನ್ನು ಇಂಗ್ಲಿಷಿನಲ್ಲಿ ಮಾಡಿ, ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರು. ನಾಲ್ಕೇ ಸಾಲು. ಬೇಳೆ ಬೇಯುವಾಗ, ಬಟ್ಟೆ ಒಣಹಾಕುವಾಗ, ದೇವರ ಮುಂದೆ ದೀಪ ಹಚ್ಚುವಾಗ ಅದೇ ಜಪ. ಅಷ್ಟೋತ್ತರದ ಮಧ್ಯೆ ಒಂದು ದಿನ ‘ಟಿಲ್ ಟುಡೇ’ ಬಂದುಬಿಟ್ಟಿತು.

ಮದುವೆ ಚಾಮರಾಜಪೇಟೆಯ ಛತ್ರದಲ್ಲಿ ನಡೆಯಿತು. ಸಂಜೆ ಹಾಲಿನ ಬಟ್ಟಲು ಬಂತು. ಮಗಳ ಕೈ ಅದ್ದಿದೆ, ಬೀಗಿತ್ತಿಯ ಕೈಗಿಟ್ಟೆ, ಬಾಯಿ ತೆರೆದೆ. ನಾಲ್ಕು ಸಾಲೂ ಮಂಗಮಾಯ! ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ತುಟಿಯಾಡಿಸಿ ಹೇಳಿಕೊಡುತ್ತಿದ್ದರು, ಆದರೆ ವಾಲಗದವರು ಅದೇ ಹೊತ್ತಿಗೆ ಉತ್ಸಾಹದಿಂದ ಊದಿದರು. ಬೀಗಿತ್ತಿ ಕಾಯುತ್ತಿದ್ದರು. “ನಾನು ಹೇಳ್ಲಾ?” ಎಂದು ಮಗಳು ಪಿಸುಗುಟ್ಟಿದಳು.

ಅಷ್ಟು ಕೇಳಿದ್ದೇ ತಡ, ಬಾಯಿಗೆ ಬಂದದ್ದನ್ನು ಹೇಳಲು ಶುರುಮಾಡಿದೆ.

“ಬ್ರಿಂಜಾಲ್, ನೋ. ಇಚಿಂಗ್. ಥ್ರೋಟ್ ವೀಕ್. ಐಸ್ ವಾಟರ್, ಫೀವರ್. ಸ್ಟಮಕ್ ಎಂಪ್ಟಿ, ವೆರಿ ಆಂಗ್ರಿ. ಫಸ್ಟ್ ಫುಡ್, ದೆನ್ ಟಾಕ್.”

ಹಿಂದೆ ಯಾರೋ ಕಿಸಕ್ಕೆಂದರು. ಮಗಳ ಮುಖ ಕೆಂಪಾಯಿತು. “ಅಮ್ಮಾ, ಸಾಕಮ್ಮಾ, ಪ್ಲೀಸ್” ಎಂದು ಗೋಗರೆದಳು. ನಾನು ನಿಲ್ಲಿಸುವ ಹಾಗಿರಲಿಲ್ಲ. ಇನ್ನೂ ಎಷ್ಟೊಂದು ಬಾಕಿಯಿತ್ತು.

“ಹೆಡ್ ಪೇಯ್ನ್ ಕಮ್, ಶಿ ನಾಟ್ ಟೆಲ್. ಯೂ ಆಸ್ಕ್. ಸ್ಮಾಲ್ ಏಜ್, ನೀ ಬ್ರೋಕನ್. ರೇನ್ ಕಮ್, ಪೇಯ್ನ್.”

“ಅಮ್ಮಾ!”

“ಯೂ ಕ್ವಯಟ್” ಎಂದು ಬೀಗಿತ್ತಿ ನನ್ನ ಮಗಳಿಗೇ ಗದರಿದರು. “ಮದರ್ ಸ್ಪೀಕಿಂಗ್.” ಆಮೇಲೆ ನನ್ನ ಕಡೆ ತಿರುಗಿ, ಒಂದೊಂದೇ ಮಾತು ಬಿಡಿಸಿ ಕೇಳಿದರು. ಅವರ ಇಂಗ್ಲಿಷೂ ನನ್ನಷ್ಟೇ ಇತ್ತು. “ವಿಚ್ ನೀ?”

ಎಡ, ಬಲ ಎರಡೂ ತಲೆಯಿಂದ ಹಾರಿಹೋದವು, ಕನ್ನಡದಲ್ಲೂ. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಮಗಳ ರೇಷ್ಮೆ ಸೀರೆಯ ಮೇಲಿಂದಲೇ ಆ ಮಂಡಿಯನ್ನು ಹುಡುಕಿ ಕೈಯಿಟ್ಟೆ. “ದಿಸ್” ಅಂದೆ. ಬೀಗಿತ್ತಿಯೂ ಸೀರೆ ಒದ್ದೆಯಾಗುವುದನ್ನು ನೋಡದೆ ನನ್ನ ಪಕ್ಕದಲ್ಲೇ ಕೂತು, ಹಾಲಿನ ಕೈಯನ್ನು ನನ್ನ ಕೈಮೇಲೆ ಇಟ್ಟರು. “ದಿಸ್. ಓಕೆ” ಅಂದರು. ಇನ್ನು ನಾನು ಕೈ ತೆಗೆಯಬೇಕಿತ್ತು. ತೆಗೆಯುವುದಕ್ಕೆ ಮನಸ್ಸೇ ಬರಲಿಲ್ಲ, ಅತ್ತುಬಿಟ್ಟೆ.